ಬುದ್ವಂತಿಯ ಬಾನಿ

ಯಾವ ಕಾಲ ಅಂತ ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಬಹಳ ಹಿಂದೆ, ಸಮುದ್ರ ಈಗಿನಷ್ಟು ಒಳಗೆ ನುಗ್ಗಿರದ ಕಾಲದಲ್ಲಿ, ಹೊಂಡದಕೇರಿ ಅಂತ ಒಂದು ಊರಿತ್ತಂತೆ. ಮೀನು ಹಿಡಿಯುವವರ ಊರು. ಆ ಊರಲ್ಲಿ ಬುದ್ವಂತಿ ಅಂತ ಒಬ್ಬ ಹೆಂಗಸು ಇದ್ದಳಂತೆ. ಮನುಷ್ಯರಿಗೆ ಮದ್ದು ಕೊಡುವವರು ಎಲ್ಲ ಊರಲ್ಲೂ ಇರುತ್ತಾರೆ. ಇವಳು ಮದ್ದು ಕೊಡುತ್ತಿದ್ದುದು ಮೀನಿಗೆ. ನಗಬೇಡಿ. ಅವಳ ಕಾಲದವರೂ ಮೊದಲು ನಕ್ಕರಂತೆ.

ಬುದ್ವಂತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತಂತೆ. ಊರಿನವರ ಬುದ್ಧಿ ಕಂಡು ಅವಳು ಬಾಗಿಲಿನ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳಂತೆ. ಚಚ್ಚಿ ಚಚ್ಚಿ ಆ ಮರದಲ್ಲಿ ಒಂದು ಕುಳಿ ಬಿದ್ದಿತ್ತಂತೆ. ಹೆಬ್ಬೆರಳು ಹಿಡಿಸುವಷ್ಟು ಕುಳಿ ಅಂತ ಕೆಲವರು, ತೆಂಗಿನಕಾಯಿ ಕೂರುವಷ್ಟು ಅಂತ ಇನ್ನು ಕೆಲವರು. ಹಣೆಗೆ ಮಾತ್ರ ಏನೂ ಆಗಲಿಲ್ಲ, ಅದನ್ನು ಎಲ್ಲರೂ ಒಪ್ಪುತ್ತಾರೆ.

ಆ ಊರಿಗೆ ಹೊಂಡದಕೇರಿ ಅಂತ ಹೆಸರು ಬಂದದ್ದು ಕಡಲಂಚಿನ ಕಲ್ಲುಗಳ ನಡುವೆ ಇದ್ದ ಒಂದು ಹೊಂಡದಿಂದ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತ, ಅಂದರೆ ಉಬ್ಬರ, ಬಂದಾಗ ಸಮುದ್ರ ಅದರೊಳಗೆ ಹಾರಿ ಬಂದು ನೀರು ತುಂಬಿ ಹೋಗುತ್ತಿತ್ತು. ಅಂಚಿನ ಕಲ್ಲುಗಳಿಗೆಲ್ಲ ಸಿಪ್ಪಿ ಮೆತ್ತಿಕೊಂಡಿತ್ತು. ಮಳೆಗಾಲದಲ್ಲಿ ದೋಣಿ ನೀರಿಗಿಳಿಯದಿದ್ದಾಗ ಹೆಂಗಸರು ಆ ಸಿಪ್ಪಿ ಕೆರೆದು ತಂದೇ ಮನೆಯ ಹೊಟ್ಟೆ ತುಂಬಿಸುತ್ತಿದ್ದರು. ಆದರೆ ಆ ಹೊಂಡದ ಮೀನನ್ನು ಯಾರೂ ತಿನ್ನುತ್ತಿರಲಿಲ್ಲ, ಯಾಕೆಂದರೆ ಅವು ತವರು ಮೀನುಗಳು. ಬೇರೆ ಊರಿಂದ ಮದುವೆಯಾಗಿ ಬರುವ ಹೆಣ್ಣು ತನ್ನ ಊರಿನ ಕಡಲ ನೀರನ್ನು ತಂಬಿಗೆಯಲ್ಲಿ ತುಂಬಿಕೊಂಡು, ಅದರಲ್ಲಿ ಒಂದು ಬಣ್ಣದ ಪುಟ್ಟ ಮೀನು ಹಾಕಿಕೊಂಡು ಬರಬೇಕು, ಹೊಂಡಕ್ಕೆ ಬಿಡಬೇಕು. ಆಮೇಲೆ ಅತ್ತೆಮನೆಯಲ್ಲಿ ಜೀವಕ್ಕೆ ಸಾಕಾದಾಗೆಲ್ಲ ಕಲ್ಲಿನ ಮೇಲೆ ಕೂತು ತನ್ನ ಮೀನನ್ನು ನೋಡುವುದು. ಅಷ್ಟು ನೋಡಿದರೆ ತವರಿಗೆ ಹೋಗಿ ಬಂದಷ್ಟೇ ಸಮಾಧಾನವಂತೆ.

ಬುದ್ವಂತಿಯೂ ಹಾಗೇ ಬಂದವಳು. ಅವಳ ತವರು ದೂರದ ಒಂದು ಬಂದರು, ಕಾಸರಬೇಲೆ ಅಂತ. ಅಲ್ಲಿ ದೊಡ್ಡ ಹಡಗುಗಳನ್ನು ದಡಕ್ಕೆಳೆದು ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರಂತೆ. ತಗಡು ಹೊಡೆದ ಹಡಗಿಗೆ ಸಿಪ್ಪಿ ಅಂಟುವುದಿಲ್ಲ ಅನ್ನುವುದನ್ನು ಅವಳು ಚಿಕ್ಕಂದಿನಲ್ಲೇ ನೋಡಿದ್ದಳು. ಸಿಪ್ಪಿಯನ್ನೇ ಓಡಿಸುವ ತಾಮ್ರ, ಮೀನಿನ ಮೈಗೆ ಹತ್ತುವ ಬಿಳಿ ಕಾಳಿನ ರೋಗವನ್ನು ಬಿಟ್ಟೀತೇ ಅಂತ ಅವಳಿಗೆ ಹೊಳೆಯಿತಂತೆ. ತಾಮ್ರದ ನೀಲಿ ಹರಳಾದ ಮೈಲುತುತ್ತವನ್ನು ಸಿಹಿನೀರಲ್ಲಿ ಕರಗಿಸಿ, ತೊಟ್ಟು ತೊಟ್ಟಾಗಿ ಉಪ್ಪುನೀರಿಗೆ ಬಿಟ್ಟು, ಎಷ್ಟಾದರೆ ಕಾಳು ಸಾಯುತ್ತದೆ, ಎಷ್ಟಾದರೆ ಮೀನೇ ಸಾಯುತ್ತದೆ ಅಂತ ವರ್ಷಗಟ್ಟಲೆ ನೋಡಿದಳಂತೆ. ಎರಡಕ್ಕೂ ನಡುವೆ ಇದ್ದ ಜಾಗ ಬಹಳ ಚಿಕ್ಕದು. ಅವಳ ಆಯುಷ್ಯವೆಲ್ಲ ಆ ಚಿಕ್ಕ ಜಾಗದಲ್ಲೇ ಕಳೆಯಿತು ಅಂತ ಹೇಳುತ್ತಾರೆ.

ಅವಳ ಅಂಗಳದಲ್ಲಿ ಒಂದು ಬಾನಿ ಇತ್ತಂತೆ. ಸುಟ್ಟ ಮಣ್ಣಿನದು, ಅಗಲ ಬಾಯಿಯದು. ಅದರಲ್ಲಿ ದೋಣಿ ತಿರುಗಿಸಬಹುದಿತ್ತು ಅಂತ ಹೇಳುವವರಿದ್ದಾರೆ, ಅದು ಸುಳ್ಳಿರಬೇಕು. ಎಮ್ಮೆ ಮೀಯಿಸುವಷ್ಟಿತ್ತು ಅಂದರೆ ನಂಬಬಹುದು. ಮಣ್ಣು ಮದ್ದು ಕುಡಿಯದಂತೆ ಒಳಗೆಲ್ಲ ದೋಣಿಗೆ ಬಳಿಯುವ ಎಣ್ಣೆ ಬಳಿದು ಒಣಗಿಸಿದ್ದಳು. ಹೊಸ ಸೊಸೆ ತಂದ ಮೀನು ಮೊದಲು ಈ ಬಾನಿಯಲ್ಲಿರಬೇಕು, ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ. ಮೈಮೇಲೆ ಕಾಳು ಕಂಡರೆ ಮದ್ದು. ಆಮೇಲೆ ಹೊಂಡ. ಇದು ಅವಳು ಹಾಕಿದ ಕಟ್ಟಳೆ. ಊರು ಒಪ್ಪಿತ್ತು. ಒಪ್ಪುವುದು ಸುಲಭ, ಪಾಲಿಸುವುದಲ್ಲವೇ ಕಷ್ಟ.

ಹೀಗಿರುವಾಗ ಮಾಸ್ತಮ್ಮ ಅನ್ನುವವಳ ಮನೆಗೆ ಸೊಸೆ ಬಂದಳು. ಸೊಸೆಯ ಹೆಸರು ತುಳಸು. ಎಳೆಯ ಹುಡುಗಿ, ತಂಬಿಗೆಯಲ್ಲಿ ನೀಲಿ ಮೀನು. ಮಾಸ್ತಮ್ಮನದು ದೊಡ್ಡ ಜಂಬ. ನಮ್ಮ ಸೊಸೆಯ ಮೀನಿಗೇನು ರೋಗವೇ, ಅದು ಬಾನಿಯಲ್ಲಿ ಬಿದ್ದಿರಬೇಕೇ, ನೋಡಿದವರು ಏನೆಂದಾರು ಅಂತ ಹೇಳಿ, ಸೊಸೆಯ ಕೈಯಿಂದ ತಂಬಿಗೆ ಕಸಿದು ಮದುವೆಯ ದಿನವೇ ಮೀನನ್ನು ಹೊಂಡಕ್ಕೆ ಸುರಿದುಬಿಟ್ಟಳಂತೆ. ಬಂದ ದಿನವೇ ಅತ್ತೆಗೆ ಎದುರು ಮಾತಾಡುವ ಸೊಸೆ ಆ ಕಾಲದಲ್ಲಿ ಎಲ್ಲಿದ್ದಳು?

ಬುದ್ವಂತಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಆಗಬೇಕಾದ್ದು ಆಗಿತ್ತು. ಅಂದು ಚೌಕಟ್ಟಿನ ಸದ್ದು ಮೂರು ಕೇರಿಗೆ ಕೇಳಿಸಿತಂತೆ.

ಕೆಲವು ದಿನ ಕಳೆದವು. ಹೊಂಡದ ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಆಮೇಲೆ ರೆಕ್ಕೆಯ ಮೇಲೆ, ಬೆನ್ನ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಕಾಳು. ಆಮೇಲೆ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮೊದಲು ಸತ್ತದ್ದು ತಾಂಡೇಲ ಕುಪ್ಪಯ್ಯನ ತಾಯಿಯ ಮೀನು. ತಾಂಡೇಲ ಅಂದರೆ ದೋಣಿಗಳ ಮುಂದಾಳು, ಆ ಊರಿಗೆ ಅವನ ಮಾತೇ ಮಾತು. ಮುದುಕಿ ಎದೆ ಬಡಿದುಕೊಂಡು ಅತ್ತಳು. ಕುಪ್ಪಯ್ಯ ಊರು ಸೇರಿಸಿದ. ತಪ್ಪು ಯಾರದ್ದು? ತಂಬಿಗೆ ಸುರಿದವಳದ್ದು ಅಂತ ನೀವು ಹೇಳುತ್ತೀರಿ, ನಾನೂ ಹೇಳುತ್ತೇನೆ. ಊರು ಹಾಗೆ ಹೇಳಲಿಲ್ಲ. ರೋಗ ತಂದ ಮೀನು ತುಳಸುವಿನದು, ಆದ್ದರಿಂದ ತಪ್ಪು ತುಳಸುವಿನದು ಅಂತ ಹೇಳಿತು. ಮಾಸ್ತಮ್ಮ ಎಲ್ಲರಿಗಿಂತ ಮೊದಲು ತಲೆಯಾಡಿಸಿದಳಂತೆ. ಹೊಂಡದ ಮೀನು ಉಳಿಯದಿದ್ದರೆ ಹುಡುಗಿಯನ್ನು ಖಾಲಿ ತಂಬಿಗೆ ಕೊಟ್ಟು ತವರಿಗೆ ಕಳಿಸುವುದು ಅಂತ ತೀರ್ಮಾನವಾಯಿತು. ಖಾಲಿ ತಂಬಿಗೆ ಹಿಡಿದು ಹೋದವಳಿಗೆ ಮತ್ತೆ ಮದುವೆಯಿಲ್ಲ, ತವರಲ್ಲೂ ಜಾಗವಿಲ್ಲ. ತುಳಸು ಕಂಬ ಹಿಡಿದು ನಿಂತಿದ್ದಳು.

ಅದು ಸಾಲದು ಅಂತ ಕುಪ್ಪಯ್ಯ ಒಂದು ಬುಟ್ಟಿ ಮೈಲುತುತ್ತ ತರಿಸಿದ. ಬುದ್ವಂತಿ ಹನಿ ಹನಿ ಹಾಕಿ ಗುಣಪಡಿಸುತ್ತಾಳೆ, ಬುಟ್ಟಿಗಟ್ಟಲೆ ಹಾಕಿದರೆ ಒಂದೇ ದಿನಕ್ಕೆ ಗುಣವಾಗಬೇಡವೇ? ಇದು ಅವನ ಲೆಕ್ಕಾಚಾರ. ಬುಟ್ಟಿ ಹೊತ್ತುಕೊಂಡು ಅವನು ಹೊಂಡದ ಬಾಯಿಗೆ ಹೋದ. ಬುದ್ವಂತಿ ಓಡಿಬಂದು ಅಡ್ಡ ನಿಂತಳಂತೆ. ಹೊಂಡಕ್ಕೆ ತಾಮ್ರ ಬಿದ್ದರೆ ಮೊದಲು ಸಾಯುವುದು ಸಿಪ್ಪಿ, ಏಡಿ, ಶಂಖದ ಹುಳು. ಮಳೆಗಾಲಕ್ಕೆ ಹೆಂಗಸರು ಏನು ಬೇಯಿಸಬೇಕು, ನಿನ್ನ ರುಮಾಲನ್ನೇ ಅಂತ ಕೇಳಿದಳು. ಅಷ್ಟೇ ಅಲ್ಲ, ಕಲ್ಲು ತಾಮ್ರ ಕುಡಿಯುತ್ತದೆ, ಕುಡಿದದ್ದನ್ನು ವರ್ಷಗಟ್ಟಲೆ ನೀರಿಗೆ ಕಕ್ಕುತ್ತದೆ, ಆಮೇಲೆ ಆ ಹೊಂಡದಲ್ಲಿ ಒಂದು ಸಿಪ್ಪಿಯೂ ಹುಟ್ಟುವುದಿಲ್ಲ ಅಂತ ಹೇಳಿದಳು. ಸಿಪ್ಪಿಯ ಮಾತು ಬಂದಾಗ ಹೆಂಗಸರೆಲ್ಲ ಅವಳ ಹಿಂದೆ ಬಂದು ನಿಂತರು. ಕುಪ್ಪಯ್ಯ ಬುಟ್ಟಿ ಇಳಿಸಿದ.

ಇದ್ದಬದ್ದ ಮೀನುಗಳನ್ನೆಲ್ಲ ಬಲೆಯಲ್ಲಿ ಎತ್ತಿ ಬಾನಿಗೆ ತರುವುದು, ಹೊಂಡವನ್ನು ಮೀನಿಲ್ಲದೆ ಎರಡು ಮೂರು ಹುಣ್ಣಿಮೆ ಬರಿದೇ ಬಿಡುವುದು, ಹತ್ತಲು ಮೈ ಸಿಗದೆ ರೋಗ ತಾನೇ ಅಲ್ಲಿ ಉಪವಾಸ ಸಾಯುತ್ತದೆ ಅಂತ ಅವಳು ಹೇಳಿದಳು. ಹಾಗೇ ಆಯಿತು. ಎಲ್ಲ ಸೊಸೆಯರ, ಅತ್ತೆಯರ, ಮುದುಕಿಯರ ತವರು ಬುದ್ವಂತಿಯ ಅಂಗಳಕ್ಕೆ ಬಂತು. ಅದರಲ್ಲಿ ಬುದ್ವಂತಿಯದೂ ಒಂದು ಮೀನು, ಹಳದಿ ಪಟ್ಟೆಯದು, ಅವಳಷ್ಟೇ ಮುದಿಯದು. ಕಾಸರಬೇಲೆಯ ಬಂದರು ಅಷ್ಟು ಹೊತ್ತಿಗೆ ಮರಳು ತುಂಬಿ ಹಾಳಾಗಿತ್ತು, ಅವಳ ಜನ ಸತ್ತವರು ಸತ್ತು, ಉಳಿದವರು ದಿಕ್ಕಾಪಾಲಾಗಿದ್ದರು. ತವರು ಅಂತ ಅವಳಿಗೆ ಉಳಿದಿದ್ದುದು ಆ ಮೀನು ಮಾತ್ರ.

ಮದ್ದು ಶುರುವಾಯಿತು. ಮೊದಲ ದಿನ ಸ್ವಲ್ಪ, ಮಾರನೆ ದಿನ ಮತ್ತೆ ಸ್ವಲ್ಪ, ಮೀನಿನ ಉಸಿರು ನೋಡಿ ನೋಡಿ ಏರಿಸುವುದು. ದಿನವೂ ಒಂದು ಬಿಳಿ ಸಿಪ್ಪಿಯಲ್ಲಿ ಬಾನಿಯ ನೀರು ತೆಗೆದು, ಅದಕ್ಕೊಂದು ರಸ ಹಿಂಡಿ, ಬಣ್ಣ ನೋಡಿ ಅವಳು ತಾಮ್ರದ ಅಳತೆ ಹೇಳುತ್ತಿದ್ದಳಂತೆ. ಯಾವ ರಸ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತು ಅನ್ನುವವರನ್ನು ನಂಬಬೇಡಿ.

ಇಲ್ಲಿಂದ ಶುರುವಾದದ್ದು ನೋಡಿ ಅವಳ ಗೋಳು.

ಮದ್ದಿನ ಬಣ್ಣ ಒಂದು ದಿನ ಇದ್ದಕ್ಕಿದ್ದಂತೆ ತೆಳುವಾಯಿತು. ನೋಡಿದರೆ ಬಾನಿಯ ತಳದಲ್ಲಿ ಕಲ್ಲು, ಹವಳದ ತುಂಡು, ಚಂದದ ಮರಳು. ತನ್ನದು ಸತ್ತರೂ ಉಳಿದ ಮೀನಿಗೆ ಬೇಸರವಾದೀತು ಅಂತ ಕುಪ್ಪಯ್ಯನ ತಾಯಿ ತಂದು ಹಾಕಿದ್ದಳಂತೆ. ಕಲ್ಲು ಮದ್ದನ್ನೆಲ್ಲ ಕುಡಿದಿತ್ತು. ಬುದ್ವಂತಿ ಹಣೆ ಚಚ್ಚಿಕೊಂಡು, ಕಲ್ಲೆಲ್ಲ ತೆಗೆದು, ಅಡಗಿ ಕೂರುವ ಮೀನಿಗಾಗಿ ಒಡೆದ ಮಡಕೆಯ ಕುತ್ತಿಗೆಗಳಿಗೆ ಅದೇ ಎಣ್ಣೆ ಬಳಿದು ಒಣಗಿಸಿ ಇಟ್ಟು, ಮತ್ತೆ ಮೊದಲಿಂದ ಶುರು ಮಾಡಿದಳು. ಆಮೇಲೊಂದು ದಿನ ನೀರು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ಬಿಸಿಲಿಗೆ ಆವಿಯಾದ ನೀರಿನ ಬದಲು ಯಾರೋ ಪುಣ್ಯಾತ್ಮರು ಸಮುದ್ರದ ನೀರನ್ನೇ ತಂದು ಸುರಿಯುತ್ತಿದ್ದರು. ಹಾರಿಹೋಗುವುದು ನೀರು, ಉಪ್ಪಲ್ಲ, ತುಂಬಬೇಕಾದ್ದು ಬಾವಿ ನೀರು ಅಂತ ಅವಳು ಒಬ್ಬೊಬ್ಬರ ಕಿವಿ ಹಿಡಿದು ಹೇಳಿದಳು. ಹೂಂ ಅಂದರು. ಮಾರನೆ ದಿನ ಒಬ್ಬ ಅರಿಶಿನ ಕಲಸಿ ತಂದ, ಇದೂ ಇರಲಿ ಅಂತ. ಒಂದು ಮದ್ದು ನಡೆಯುವಾಗ ಇನ್ನೊಂದು ಬೆರೆಸಬಾರದು ಅಂತ ಅವನನ್ನು ಓಡಿಸುವಷ್ಟರಲ್ಲಿ ಇನ್ನೊಬ್ಬಳು, ಕಾವಲಿಗಿರಲಿ ಅಂತ ಒಂದು ಏಡಿ ಬಿಟ್ಟಳು. ಏಡಿ ಸಂಜೆಗೆ ಸತ್ತು ಕೊಳೆಯಿತು. ನೀರು ಹಾಳಾಯಿತು. ಬಾನಿಯ ನೀರು ತೋಡಿ ತೋಡಿ ಬುದ್ವಂತಿಯ ಸೊಂಟ ಮುರಿಯಿತು.

ಯಾರೂ ಕೆಟ್ಟವರಲ್ಲ. ಅದೇ ಅವಳ ಕಷ್ಟ. ಕೆಟ್ಟವರಾಗಿದ್ದರೆ ಪೊರಕೆ ಹಿಡಿಯಬಹುದಿತ್ತು. ಎಲ್ಲರೂ ಪ್ರೀತಿಯಿಂದ, ಭಕ್ತಿಯಿಂದ, ಎರಡೂ ಕೈಯಲ್ಲಿ ಹಾಳು ಮಾಡುತ್ತಿದ್ದರು. ಅವಳು ಬೈಯುತ್ತಿದ್ದಳು, ಅವರು ನಗುತ್ತಿದ್ದರು. ಬುದ್ವಂತಿಯ ಬೈಗುಳ ತಿಂದರೆ ಬಲೆಗೆ ಮೀನು ಹೆಚ್ಚು ಬೀಳುತ್ತದೆ ಅಂತ ಆಗಲೇ ಒಂದು ನಂಬಿಕೆ ಹುಟ್ಟಿಬಿಟ್ಟಿತ್ತಂತೆ.

ಅಂತೂ ನೀರು ಒಂದು ಹದಕ್ಕೆ ಬಂತು. ಬಿಳಿ ಕಾಳು ಉದುರತೊಡಗಿತು. ಇನ್ನು ಅಳತೆ ಏರದಂತೆ ಇಳಿಯದಂತೆ ಹಿಡಿದುಕೊಂಡು ಹುಣ್ಣಿಮೆ ತಲುಪಿದರೆ ಸಾಕು. ಆದರೆ ಸಿಪ್ಪಿಯಲ್ಲಿ ಬಣ್ಣ ಕಡುವಾಗುತ್ತಲೇ ಹೋಯಿತು. ಅವಳು ಹಾಕದ ದಿನವೂ ಕಡು. ನೀರು ತೆಗೆದು ಹೊಸ ನೀರು ತುಂಬಿದರೂ ಮತ್ತೆ ಕಡು. ತನ್ನ ಕಣ್ಣೇ ಮಂಜಾಯಿತೇನೋ ಅಂತ ಅವಳು ಸಿಪ್ಪಿ ಬದಲಿಸಿದಳು, ರಸ ಬದಲಿಸಿದಳು. ಒಂದು ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಮಾತ್ರ ಮಗ್ಗುಲಾಗಿ ತೇಲುತ್ತಿತ್ತು. ಹಳದಿ ಪಟ್ಟೆಯದು.

ಹೆಂಗಸರು ಎಂದಿನಂತೆ ತಮ್ಮ ತಮ್ಮ ಮೀನು ನೋಡಲು ಬಂದರು. ಬುದ್ವಂತಿ ಬೈಯಲಿಲ್ಲ. ಹಣೆ ಚಚ್ಚಿಕೊಳ್ಳಲಿಲ್ಲ. ಸತ್ತ ಮೀನನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಆ ಮೌನಕ್ಕೆ ಜನ ಹೆದರಿದರಂತೆ. ಆಗ ಒಬ್ಬೊಬ್ಬರ ಬಾಯಿಂದ ಹೊರಬಂತು ನೋಡಿ.

ಆ ಕಡೆ ಅಕ್ಕಿ ಅಳೆದರೂ, ಮೀನು ಮಾರಿದರೂ, ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕಲೇಬೇಕು. ಕೊಸರು ಹಾಕದವನು ಜಿಪುಣ, ಕೊಸರು ಕೇಳದವಳು ಮಂಕು. ಬುದ್ವಂತಿಯ ಮದ್ದಿಗೆ ಮಾತ್ರ ಕೊಸರೇ ಇಲ್ಲವಲ್ಲ, ಮುದುಕಿಯದು ಕೈ ಬಿಗಿಯಾಯಿತಲ್ಲ ಅಂತ ಎಲ್ಲರಿಗೂ ಅನಿಸಿತ್ತು. ಕುಪ್ಪಯ್ಯನ ಬುಟ್ಟಿ ಅವನ ಜಗುಲಿಯಲ್ಲೇ ಇತ್ತು. ಹಾಗಾಗಿ ನೋಡಲು ಬಂದವರೆಲ್ಲ ಸೆರಗಿನಲ್ಲಿ ಒಂದು ಚಿಟಿಕೆ ತಂದು, ತಮ್ಮ ಮೀನಿನ ಹೆಸರಿನಲ್ಲಿ ಬಾನಿಗೆ ಕೊಸರು ಹಾಕಿ ಹೋಗುತ್ತಿದ್ದರು. ಒಂದೇ ಚಿಟಿಕೆ ಅಂದಳು ಒಬ್ಬಳು. ನನ್ನದೂ ಒಂದೇ ಅಂದಳು ಇನ್ನೊಬ್ಬಳು. ಮಾಸ್ತಮ್ಮ ತಾನು ಹಾಕಿಯೇ ಇಲ್ಲ ಅಂದಳು, ಅವಳ ಬೆರಳ ತುದಿ ನೀಲಿಯಾಗಿತ್ತು. ಕೊನೆಗೆ ತುಳಸು ಮುಂದೆ ಬಂದು, ತಾನೂ ಹಾಕಿದೆ, ದಿನಾ ಹಾಕಿದೆ ಅಂತ ಹೇಳಿ ಅಲ್ಲೇ ಕುಸಿದು ಕೂತಳು. ಮೀನು ಬೇಗ ಗುಣವಾಗದಿದ್ದರೆ ಕಳಿಸಿಬಿಡುತ್ತಾರೆ ಅನ್ನುವ ಹೆದರಿಕೆ ಅವಳಿಗೆ.

ಬುದ್ವಂತಿ ಅವಳನ್ನು ನೋಡಿದಳಂತೆ. ಈ ಊರಿನ ಮೀನು ಈ ಊರಿಗೇ ಇರಲಿ, ನಾನು ಬಾನಿ ಒಡೆದು ಮಲಗುತ್ತೇನೆ ಅಂತ ಬಾಯಿತುದಿಗೆ ಬಂದಿತ್ತು. ಬಾನಿ ಒಡೆದರೆ ಈ ಹುಡುಗಿಯ ಗತಿ ಏನು ಅನ್ನುವುದೂ ಕಾಣುತ್ತಿತ್ತು.

"ತಾಮ್ರಕ್ಕೆ ಕೊಸರಿಲ್ಲ ಮಗಾ," ಅಂದಳಂತೆ. "ಒಂದು ಚಿಟಿಕೆ ಕಮ್ಮಿ ಆದ್ರೆ ರೋಗ ಸಾಯುದಿಲ್ಲ, ಒಂದು ಚಿಟಿಕೆ ಹೆಚ್ಚಾದ್ರೆ ಮೀನು ಸಾಯ್ತದೆ. ನಿಮ್ಮ ಪ್ರೀತಿ ಎಲ್ಲ ಸೇರಿ ಬಂದು ನನ್ನ ತವರು ತಿಂದು ಹೋಯ್ತು. ಏಳು, ನೀರು ತೋಡು."

ತುಳಸು ಎದ್ದಳು. ಅರ್ಧ ಬಾನಿ ತೋಡಿ, ಹೊಂಡಕ್ಕೂ ಬಾವಿಗೂ ದೂರವಾದ ಬರಡು ದಿಬ್ಬಕ್ಕೆ ಹೊತ್ತು ಸುರಿದು, ಕಡಲಿಂದ ಶುದ್ಧ ನೀರು ತಂದು ತುಂಬಿದಳು. ಬಣ್ಣ ನೋಡಿ ಮತ್ತೆ ತೋಡಿದಳು. ಮೀನಿಗೆ ಉಸಿರು ಸಿಗಲಿ ಅಂತ ಚೆಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಬಿಡುತ್ತಾ ಕೂತಳು. ತೋಳು ಬಿದ್ದುಹೋದರೂ ಬಿಡುತ್ತಲೇ ಇದ್ದಳಂತೆ. ಬಾನಿಯ ಕಾವಲನ್ನು ಬುದ್ವಂತಿ ಅವಳಿಗೇ ಕೊಟ್ಟಳು. ಅತ್ತೆ ಬಂದರೂ ಹತ್ತಿರ ಬಿಡಬೇಡ ಅಂದಳು. ಮಾಸ್ತಮ್ಮ ಬಂದಳು, ಸೆರಗು ಮುಚ್ಚಿಕೊಂಡು ಬಂದಳು. ಆಗ ತುಳಸು ಆ ಮನೆಗೆ ಬಂದಮೇಲೆ ಮೊದಲ ಸಲ ಅತ್ತೆಗೆ ಎದುರು ಮಾತಾಡಿದಳು.

"ಅಲ್ಲೇ ನಿಂತ್ಕಣಿ ಅತ್ತೆ. ಸೆರಗು ಕೊಡವಿ, ಆಮೇಲೆ ಬನ್ನಿ."

ಮಾಸ್ತಮ್ಮ ಕೊಡವಿದಳಂತೆ. ನೀಲಿ ಪುಡಿ ಉದುರಿತಂತೆ. ಬುದ್ವಂತಿ ಒಳಗಿನಿಂದ ಇದನ್ನು ಕೇಳಿಸಿಕೊಂಡು, ಇಷ್ಟು ವರ್ಷದಲ್ಲಿ ಒಬ್ಬಳಾದರೂ ಸಿಕ್ಕಿದಳಲ್ಲ ಅಂತ ಉಸ್ಸೆಂದು ಕೂತಳಂತೆ.

ಹುಣ್ಣಿಮೆ ಬಂತು, ಹೋಯಿತು. ಮೀನುಗಳ ಮೈ ತೊಳೆದಿಟ್ಟಂತೆ ಆಯಿತು. ತಾಮ್ರದ ನೀರೆಲ್ಲ ತೆಗೆದು, ಒಳ್ಳೆಯ ನೀರಿನಲ್ಲಿ ಅವುಗಳನ್ನು ಇಟ್ಟುಕೊಂಡು ಹೊಂಡದ ಉಪವಾಸ ಮುಗಿಯುವವರೆಗೆ ಕಾದರು. ಹೊಂಡಕ್ಕೆ ಬಿಟ್ಟ ದಿನ ಊರೆಲ್ಲ ಕಲ್ಲಿನ ಮೇಲೆ. ತುಳಸು ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ಕುಪ್ಪಯ್ಯ ಸಾರಿದ. ನಮ್ಮ ಸೊಸೆಯ ಮೀನಿನಷ್ಟು ಚಂದದ್ದು ಇನ್ನೊಂದಿಲ್ಲ ಅಂತ ಮಾಸ್ತಮ್ಮ ಹೇಳಿಕೊಂಡು ತಿರುಗಿದಳು. ಹೆಂಗಸರು ಬಾಗಿ ತಮ್ಮ ತಮ್ಮ ಮೀನು ಹುಡುಕುತ್ತಿದ್ದರು. ಬುದ್ವಂತಿಗೆ ಹುಡುಕುವುದಕ್ಕೆ ಏನೂ ಇರಲಿಲ್ಲ. ಅವಳು ಖಾಲಿ ಬಾನಿ ತೊಳೆಯಬೇಕು ಅಂತ ಹೇಳಿ ಮನೆಗೆ ಹೋದಳಂತೆ. ಅವಳಿಗೆ ಆ ದಿನ ಸಿಟ್ಟೂ ಬರಲಿಲ್ಲ, ಬರೀ ಸುಸ್ತು.

ಮಳೆಗಾಲ ಕಳೆದು ತುಳಸು ತವರಿಗೆ ಹೋದಳು. ಬರುವ ದಿನಕ್ಕೆ ಬರಲಿಲ್ಲ. ಓಡಿಹೋದಳು ಅಂತ ಊರು ಮಾತಾಡಿತು. ಬುದ್ವಂತಿಯೂ ಹಾಗೇ ಅಂದುಕೊಂಡಳು, ಓಡಿದ್ದರೆ ಒಳ್ಳೆಯದೇ ಮಾಡಿದಳು ಅಂದುಕೊಂಡಳು. ಒಂದು ಮಧ್ಯಾಹ್ನ ತುಳಸು ಕಾಲೆಲ್ಲ ಕೆಸರು ಮಾಡಿಕೊಂಡು, ಕೈಯಲ್ಲಿ ತಂಬಿಗೆ ಹಿಡಿದು, ಅತ್ತೆಮನೆಗೂ ಹೋಗದೆ ನೇರ ಬುದ್ವಂತಿಯ ಅಂಗಳಕ್ಕೆ ಬಂದು ನಿಂತಳಂತೆ. ತಂಬಿಗೆಯಲ್ಲಿ ಹಳದಿ ಪಟ್ಟೆಯ ಮರಿ ಮೀನು. ಎಲ್ಲಿಯದು ಅಂತ ಕೇಳಿದ್ದಕ್ಕೆ, ಕಾಸರಬೇಲೆಯದು ಅಂದಳು. ಬಂದರಿಲ್ಲ, ಮನೆಗಳಿಲ್ಲ, ಆದರೆ ಮುರಿದ ಹಡಗಿನ ಪಕ್ಕದ ನೀರಿನಲ್ಲಿ ಇವು ಈಗಲೂ ಆಡುತ್ತಿವೆ ಅಂದಳು.

ಬುದ್ವಂತಿ ತಂಬಿಗೆಯೊಳಗೆ ನೋಡಿದಳು.

"ಎಂತ ನೋಡ್ತೆ ನಿಂತು? ಬಾನಿಗೆ ಹಾಕು. ಹುಣ್ಣಿಮೆ ಆಗುವರೆಗೆ ಅದಕ್ಕೆ ಹೊಂಡ ತೋರ್ಸಬೇಡ," ಅಂತ ಗದರಿದಳಂತೆ.

ಆಮೇಲೆ ಅವಳಿಗೆ ಅಳು ಬಂತಂತೆ. ಬಾನಿಯ ನೀರು ಉಪ್ಪು ಹೆಚ್ಚಾದೀತು ಅಂತ ಬಾವಿಕಟ್ಟೆಯ ಆಚೆಗೆ ಹೋಗಿ ಅತ್ತು ಬಂದಳಂತೆ.

ಬುದ್ವಂತಿ ಹೋಗಿ ಎಷ್ಟು ಕಾಲವಾಯಿತೋ ಯಾರಿಗೆ ಗೊತ್ತು. ಆ ಬಾನಿ ಇನ್ನೂ ಇದೆ ಅನ್ನುತ್ತಾರೆ, ತಾಮ್ರದ ಹೆದರಿಕೆಗೆ ಅದರಲ್ಲಿ ಇವತ್ತಿಗೂ ಯಾರೂ ಸಿಪ್ಪಿ ತೊಳೆಯುವುದಿಲ್ಲ, ಏಡಿ ಇಡುವುದಿಲ್ಲ. ಆ ಊರಿಗೆ ಬರುವ ಸೊಸೆಯರು ಈಗ ಒಂದಲ್ಲ, ಎರಡು ಮೀನು ತರುತ್ತಾರೆ. ಒಂದು ತನ್ನದು, ಇನ್ನೊಂದು ಅದೇ ತವರ ನೀರಿನಿಂದ ಬುದ್ವಂತಿಯ ಹೆಸರಿನಲ್ಲಿ ತಂದದ್ದು. ಎರಡೂ ಮೀನು ಹುಣ್ಣಿಮೆಯವರೆಗೆ ಬಾನಿಯಲ್ಲಿದ್ದು ಆಮೇಲೆ ಹೊಂಡಕ್ಕೆ ಹೋಗುತ್ತವೆ. ಕಾಸರಬೇಲೆ ಎಲ್ಲಿತ್ತು ಅನ್ನುವುದು ಎಲ್ಲರಿಗೂ ಮರೆತುಹೋಗಿದೆ. ಬುದ್ವಂತಿಯ ತವರು ಯಾವುದು ಅಂತ ಹೊಂಡದ ಕಲ್ಲಿನ ಮೇಲೆ ಕೂತ ಹೆಂಗಸರನ್ನು ಕೇಳಿ ನೋಡಿ, ಒಬ್ಬೊಬ್ಬಳೂ ತನ್ನ ಊರಿನ ಹೆಸರನ್ನೇ ಹೇಳುತ್ತಾಳೆ.